ಹದಿನೈದನೆಯ ಹೂದಾನಿ

ದಾರಿ ಕೇಳಿಕೊಂಡು ಹೊರಟವರಿಗೆ ಸಿಕ್ಕದೆ, ದಾರಿ ತಪ್ಪಿದವರಿಗೆ ತಾನಾಗಿ ಎದುರಾಗುವ ಊರೊಂದಿತ್ತು. ಆ ಊರಿಗೆ ಒಂದೇ ಬಾಗಿಲು. ಬಾಗಿಲಿನ ಒಳಗಡೆ ಒಂದು ಹೂದೋಟ, ತೋಟದ ಅಂಚಿಗೆ ತಂಪಾದ ಒಂದು ಕಲ್ಲುಮಂಟಪ. ಹೊರಗಿನಿಂದ ಬಂದವರು ಅರಸರಾಗಲಿ ಅಲೆಮಾರಿಗಳಾಗಲಿ, ಮೊದಲು ಆ ತೋಟವನ್ನು ಹೊಕ್ಕು ತಮ್ಮ ಹೆಸರಿಗೆ ಒಂದು ಹೂವನ್ನು ಆರಿಸಬೇಕು. ಅದನ್ನು ಕೊಯ್ದು ಮಂಟಪದ ಹೂದಾನಿಯಲ್ಲಿ ನೀರಿಗಿಡುವರು. ಹೂವು ನಿಂತಿರುವಷ್ಟು ದಿನ ಬಂದವರು ಊರಿನ ಅತಿಥಿಗಳು. ಹೂವು ಬಾಡಿದ ದಿನ ಸೂರ್ಯ ಮುಳುಗುವ ಮುನ್ನ ಅವರು ಬಾಗಿಲು ದಾಟಬೇಕು. ಈ ಕಟ್ಟಳೆಯನ್ನು ಬರೆದವರಾರೆಂದು ತಿಳಿಯದು, ಬರೆದದ್ದು ಎಲ್ಲಿದೆಯೆಂದೂ ತಿಳಿಯದು, ಆದರೆ ಮೀರಿದವರಿಲ್ಲ.

ಆ ಊರಿನಲ್ಲಿಯೇ ಹುಟ್ಟಿದವರಾದರೂ ಒಮ್ಮೆ ಹೊಸ್ತಿಲಿನಾಚೆ ಕಾಲಿಟ್ಟರೆ ಮರಳಿ ಬರುವಾಗ ಅತಿಥಿಗಳೇ ಆಗುವರು. ಯಾರ ಹೂವು ಹದಿನೈದು ದಿನ ಬಾಡದೆ ನಿಲ್ಲುವುದೋ ಅವರು ಮಾತ್ರ ಊರಿನವರಾಗುವರು. ಅವರನ್ನು ಮತ್ತೆ ಹೋಗೆನ್ನುವವರಿಲ್ಲ. ಅದಕ್ಕೆಂದೇ ಮಂಟಪದೊಳಗೆ ಹದಿನೈದು ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿದ್ದರು. ಮೇಲಿನ ಮೆಟ್ಟಿಲಿನಲ್ಲಿ ಮೊಳದೆತ್ತರದ ಹೂದಾನಿಗಳು. ಅದರ ಕೆಳಗಿನದರಲ್ಲಿ ಬೆರಳಗಲ ಕಿರಿದಾದವು. ಹೀಗೆ ಇಳಿದಿಳಿದು ಕೊನೆಯ ಮೆಟ್ಟಿಲಿನಲ್ಲಿ ಮುಷ್ಟಿಯಷ್ಟೇ ಇರುವ ಒಂದೇ ಒಂದು ಹೂದಾನಿ. ಹೂವು ದಿನಕ್ಕೊಂದು ಮೆಟ್ಟಿಲು ಇಳಿಯುವುದು. ಆ ಹದಿನೈದನೆಯ ಹೂದಾನಿ ನೀರು ಕಂಡದ್ದನ್ನು ನೋಡಿದವರು ಯಾರೂ ಬದುಕಿರಲಿಲ್ಲ.

ಮಂಟಪದ ಹೂಗಳನ್ನು ಕಾಪಾಡುವ ಮುದುಕಿಯನ್ನು ಜನ ಹೂಗಾಪಿನವಳು ಎಂದು ಕರೆಯುತ್ತಿದ್ದರು. ಅವಳಿಗಿಂತ ಮೊದಲು ಅವಳ ತಾಯಿ ಹೂಗಾಪಿನವಳಾಗಿದ್ದಳು. ಬಿಸಿಲೇರುವ ಮುನ್ನ ಕೊಯ್ಯಬೇಕು. ದಂಟನ್ನು ಜಜ್ಜದಂಥ ಹರಿತವಾದ ಚೂರಿಯಿಂದ ಕೊಯ್ಯಬೇಕು. ನೀರಿನೊಳಗೆ ಮುಳುಗಿಸಿ, ಓರೆಯಾಗಿ ಕೊಯ್ಯಬೇಕು. ಇಲ್ಲವಾದರೆ ಗಾಳಿ ದಂಟಿನೊಳಗೆ ಹೊಕ್ಕು ಹೂವಿನ ಗಂಟಲು ಕಟ್ಟುವುದು. ನೀರಿಗೆ ತಗಲುವ ಎಲೆಯನ್ನು ಕಿತ್ತುಬಿಡಬೇಕು. ದಿನವೂ ಹೂದಾನಿಯನ್ನು ಬೂದಿಯಿಂದ ತಿಕ್ಕಿ ನೀರು ಬದಲಿಸಬೇಕು. ದಿನವೂ ದಂಟಿನ ತುದಿಯನ್ನು ಬೆರಳಗಲ ಮತ್ತೆ ಕೊಯ್ಯಬೇಕು, ಏಕೆಂದರೆ ಹಳೆಯ ಗಾಯ ಮುಚ್ಚಿಕೊಂಡರೆ ಹೂವು ನೀರು ಕುಡಿಯದು. ಉಳಿಯಲೆಂದೇ ಕೊಯ್ಯುವುದು, ಕೊಯ್ದಷ್ಟೂ ಕಿರಿದಾಗುವುದು: ಐವತ್ತು ವರ್ಷ ಅವಳ ಕೈ ಮಾಡಿದ್ದು ಇಷ್ಟೇ. ಯಾರ ಹೂವಿಗೂ ಒಂದು ಬೊಗಸೆ ನೀರು ಹೆಚ್ಚಿಲ್ಲ, ಯಾರ ಹೂವಿಗೂ ಒಂದು ಬೊಗಸೆ ಕಡಮೆಯಿಲ್ಲ ಎಂದು ಅವಳು ತಾಯಿಯ ಚೂರಿಯನ್ನು ಮುಟ್ಟಿ ಆಣೆಯಿಟ್ಟಿದ್ದಳು. ಅವಳ ಕೈಯಲ್ಲಿ ಹೂವು ನಿಂತದ್ದು ಹೆಚ್ಚೆಂದರೆ ಹನ್ನೊಂದು ದಿನ.

ತಾಯಿ ಹೇಳಿಕೊಟ್ಟ ಪಾಠಕ್ಕೆ ಕೊನೆಯದೊಂದು ವಾಕ್ಯವಿತ್ತು: ಹಣ್ಣಿನ ಹತ್ತಿರ ಹೂವನ್ನಿಡಬೇಡ. ಈ ಮಾತನ್ನು ಊರು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ, ಒಂದು ವರ್ಷ ಊರಿನ ಹಣ್ಣಿನ ಮರಗಳನ್ನೆಲ್ಲ ಬುಡಸಮೇತ ಕಡಿದು ಹಾಕಿತು. ಆಗ ಹೂಗಾಪಿನವಳಿಗೆ ಆರು ವರ್ಷ. ಆಮೇಲೆ ಅವಳು ಹಣ್ಣನ್ನು ಕಂಡವಳಲ್ಲ. ಅರ್ಥ ತಿಳಿಯದ ಮಂತ್ರವನ್ನು ಹೇಳಿಕೊಳ್ಳುವವರಂತೆ ಆ ವಾಕ್ಯವನ್ನು ಬೆಳಗ್ಗೆ ಒಮ್ಮೆ ತುಟಿಯಲ್ಲಿ ಆಡಿಸಿ ಕೆಲಸಕ್ಕೆ ತೊಡಗುತ್ತಿದ್ದಳು.

ಮರಗಳನ್ನು ಕಡಿದ ವರ್ಷವೇ ಅವಳ ಅಕ್ಕ ಊರು ಬಿಟ್ಟಿದ್ದಳು. ಹದಿನೆಂಟರ ಹುಡುಗಿ, ಮುಂದೆ ಚೂರಿ ಹಿಡಿಯಬೇಕಾದವಳು, ಒಂದು ಮುಂಜಾನೆ ಮುಷ್ಟಿ ಬಿಗಿಹಿಡಿದು ಹೊಸ್ತಿಲು ದಾಟಿದಳು. ಚೂರಿ ತಂಗಿಯ ಪಾಲಿಗೆ ಬಂತು.

ಪಾಡ್ಯದ ದಿನ ಬೆಳಗ್ಗೆ ಹೂಗಾಪಿನವಳು ನೀರು ಬದಲಿಸುತ್ತಿದ್ದಾಗ ಬಾಗಿಲ ಕಡೆಯಿಂದ ಮಾತು ಕೇಳಿಸಿತು. ಬಾಗಿಲು ಕಾಯುವವನು ಬಂದವರಿಗೆಲ್ಲ ಕೇಳುವ ಮೂರು ಪ್ರಶ್ನೆಗಳನ್ನು ಕೇಳುತ್ತಿದ್ದ.

“ಕಿಚ್ಚು ಇದೆಯೇ? ಕತ್ತಿ ಇದೆಯೇ? ಹಣ್ಣು ಇದೆಯೇ?”

“ಕಿಚ್ಚು ಹೊಟ್ಟೆಯಲ್ಲಿದೆಯಪ್ಪ, ನಿನ್ನೆಯಿಂದ ಏನೂ ತಿಂದಿಲ್ಲ. ಕತ್ತಿ ನಾಲಗೆಯಲ್ಲಿದೆ. ಹಣ್ಣು ಇಲ್ಲ.”

“ಅಜ್ಜೀ, ನನಗೆ ಬೇಕಾದದ್ದು ಮೂರು ‘ಇಲ್ಲ’. ಕತೆ ಬೇಡ.”

“ತಗೋ ಹಾಗಾದರೆ. ಇಲ್ಲ, ಇಲ್ಲ, ಇಲ್ಲ. ಇನ್ನೂ ಎರಡು ಬೇಕಿದ್ದರೆ ಹೇಳು, ಚೀಲದಲ್ಲಿವೆ.”

ಹೂಗಾಪಿನವಳು ಕೈಯಲ್ಲಿದ್ದ ಹೂದಾನಿಯನ್ನು ಕೆಳಗಿಟ್ಟಳು. ಮುಖ ಮರೆತಿದ್ದರೂ ಆ ದನಿಯನ್ನು ಮರೆಯಲಾಗಿರಲಿಲ್ಲ. ಓಡಿ ಬಂದು ನೋಡಿದರೆ, ಬಾಗಿಲಿನಲ್ಲಿ ಕಂಕುಳಿಗೆ ಒಂದು ಬಿದಿರಿನ ಬುಟ್ಟಿಯನ್ನು ಅವಚಿಕೊಂಡ, ಬಿಳಿಯ ತಲೆಯ ಹೆಂಗಸು. ಅವಳು ತಂಗಿಯನ್ನು ಮೇಲಿನಿಂದ ಕೆಳಗೆ ನೋಡಿ, “ಈಗಲೂ ಮೂಗು ಸುರಿಸುತ್ತೀಯೇನೇ, ಪುಟ್ಟೀ?” ಎಂದಳು.

“ಐವತ್ತು ವರ್ಷಕ್ಕೆ ಬಂದು ಕೇಳುವ ಮಾತೇನೇ ಇದು?” ಎಂದಳು ತಂಗಿ. ಮೂಗು ಸುರಿಯುತ್ತಲೇ ಇತ್ತು.

ತೋಟದಲ್ಲಿ ಅತಿಥಿ ಹೂವನ್ನು ಆರಿಸುವಾಗ ಹೂಗಾಪಿನವಳು ಮೌನವಾಗಿರಬೇಕು. ಅಂದು ಅವಳು ಮೌನವಾಗಿರಲಿಲ್ಲ. “ಸೇವಂತಿಗೆ ತಗೋ ಅಕ್ಕಾ. ಮೊಗ್ಗು ಬಿರಿಯುತ್ತಿರುವುದನ್ನು ನೋಡಿ ತಗೋ. ಗಟ್ಟಿ ಹೂವು, ಬಹಳ ದಿನ ನಿಲ್ಲುತ್ತದೆ” ಎಂದು ಪಿಸುಗುಟ್ಟಿದಳು.

ಅಕ್ಕ ತೋಟವನ್ನೆಲ್ಲ ಸುತ್ತಿ ಸುಗಂಧರಾಜದ ಒಂದು ದಂಟಿನ ಮುಂದೆ ನಿಂತಳು. ಕೆಳಗಿನ ಎರಡು ಹೂ ಅರಳಿದ್ದವು. ಮೇಲೆ ಸಾಲಾಗಿ ಮೊಗ್ಗುಗಳು. ತುತ್ತತುದಿಯಲ್ಲಿ ಅಕ್ಕಿಕಾಳಿನಂಥ ಹಸುರು ಮೊಗ್ಗೊಂದು. “ಇದೇ ಇರಲಿ. ತುದಿಯ ಮೊಗ್ಗು ಅರಳುವುದನ್ನು ನೋಡೋಣ.”

“ಅದು ಅರಳುವುದಿಲ್ಲ. ಕೊಯ್ದ ದಂಟಿನಲ್ಲಿ ತುದಿಯ ಮೊಗ್ಗು ಅರಳಿದ್ದನ್ನು ನಾನಂತೂ ಕಂಡಿಲ್ಲ.”

“ನೀನು ಕಾಣದ್ದು ಬಹಳ ಇದೆ ಬಿಡು.”

ಹೂಗಾಪಿನವಳು ದಂಟನ್ನು ನೀರಿನಲ್ಲಿ ಮುಳುಗಿಸಿ ಓರೆಯಾಗಿ ಕೊಯ್ದಳು. ಹದಿನೈದು ದಿನ, ಎಂದು ಮನಸ್ಸಿನಲ್ಲಿಯೇ ಅಂದುಕೊಂಡಳು. ಹದಿನೈದು ದಿನ ನಿಲ್ಲಿಸಿಯೇ ತೀರುತ್ತೇನೆ. ಅಕ್ಕ ಇನ್ನು ಹೋಗುವುದಿಲ್ಲ. ಐವತ್ತು ವರ್ಷಗಳ ವಿದ್ಯೆಯೆಲ್ಲ ಇದೊಂದೇ ದಂಟಿಗಾಗಿ ಕಲಿತದ್ದೆಂಬಂತೆ ಅವಳಿಗೆ ತೋರಿತು.

ಅಂದಿನಿಂದ ಅವಳು ಆ ದಂಟಿನ ಸೇವೆಗೆ ನಿಂತಳು. ಬೆಳಗ್ಗೆ ಒಮ್ಮೆ ಬದಲಿಸುವ ನೀರನ್ನು ಮೂರು ಹೊತ್ತೂ ಬದಲಿಸಿದಳು. ಬಾವಿಯ ನೀರನ್ನು ತಾಮ್ರದ ಬಿಂದಿಗೆಯಲ್ಲಿ ಒಂದು ಹಗಲು ತಣಿಸಿಟ್ಟು, ಚಿಟಿಕೆ ಕಲ್ಲುಸಕ್ಕರೆ ಕದಡಿ ಎರೆದಳು. ಉಳಿದ ಹೂದಾನಿಗಳ ಕಡೆಗೆ ಕೈ ಹೋಗುವುದು ತಡವಾಯಿತು. ಆಮೇಲೆ ಹೋಗುವುದೇ ನಿಂತಿತು. ಮೂರನೆಯ ದಿನ ಉಪ್ಪು ಮಾರುವವನ ಗುಲಾಬಿ ಕತ್ತು ಬಾಗಿಸಿತು. ವರ್ಷಕ್ಕೊಮ್ಮೆ ದಾರಿ ತಪ್ಪಿ ಬಂದು ಆರೇಳು ದಿನ ಉಳಿದು ಹೋಗುತ್ತಿದ್ದ ಮನುಷ್ಯ, ಮೂಟೆ ಹೆಗಲಿಗೇರಿಸುತ್ತ, “ಅಮ್ಮಾ, ಈ ಸಲ ನನ್ನ ಹೂವಿಗೆ ಉಪ್ಪು ಜಾಸ್ತಿಯಾಯಿತೋ ಏನೋ!” ಎಂದು ನಕ್ಕ. ಅವನು ನಗದಿದ್ದರೆ ಚೆನ್ನಾಗಿತ್ತು. ಖಾಲಿಯಾದ ಅವನ ಹೂದಾನಿಯಲ್ಲಿ ನೀರು ಲೋಳೆಗಟ್ಟಿ ನಾರುತ್ತಿತ್ತು. ಅವಳು ಅದನ್ನು ಮಗುಚಿಟ್ಟಳು. ಆ ಕಡೆ ಮತ್ತೆ ನೋಡಲಿಲ್ಲ.

ನಾಲ್ಕನೆಯ ದಿನ ಅವಳು ತಾಯಿಯೂ ಮಾಡದಿದ್ದ ಕೆಲಸವೊಂದನ್ನು ಮಾಡಿದಳು. ಮಂಟಪದ ಮೆಟ್ಟಿಲಿಗೆ ನಾಲ್ಕೂ ಕಡೆಯಿಂದ ಗಾಳಿ ಬೀಸುತ್ತದೆ, ಗಾಳಿಗೆ ಹೂವಿನ ತೇವ ಆರುತ್ತದೆ ಎಂದು ಯೋಚಿಸಿ, ಅಕ್ಕನ ಹೂದಾನಿಯನ್ನು ಎತ್ತಿಕೊಂಡು ತನ್ನ ಮನೆಯಲ್ಲಿ ಅಕ್ಕ ಮಲಗುವ ಕೋಣೆಯೊಳಕ್ಕೆ ತಂದಳು. ಕಿಟಕಿಯಿಲ್ಲದ ತಂಪು ಕೋಣೆ; ಗಾಳಿಯಿಲ್ಲ, ಬಿಸಿಲಿಲ್ಲ. ಮಂಚದ ಪಕ್ಕದ ಮಣೆಯ ಮೇಲೆ ಹೂದಾನಿಯನ್ನಿಟ್ಟಳು.

ಅಕ್ಕ ಮಂಚದ ಮೇಲೆ ಕುಳಿತು ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಬಾಯಿ ಮುಚ್ಚಿಕೊಂಡು, ಕಾಲನ್ನು ಮಡಿಸಿ, ತಂಗಿಗೆ ಕೂರಲು ಜಾಗ ಮಾಡಿಕೊಟ್ಟಳು.

“ಮಂಚದ ಕೆಳಗಿನ ಬುಟ್ಟಿಯಲ್ಲೇನಕ್ಕಾ?”

“ಹಳೆಯ ಸೀರೆ. ಮುಟ್ಟಬೇಡ, ಮಾಸಿದೆ.”

ಹೂವು ಕೋಣೆಗೆ ಬಂದ ಮೇಲೆ ಹೂಗಾಪಿನವಳೂ ಕೋಣೆಗೇ ಬಂದಳು. ಹೂವನ್ನು ಕಾಯಬೇಕೆಂಬ ನೆಪದಿಂದ ಹಗಲೆಲ್ಲ ಅಕ್ಕನ ಎದುರು ಕುಳಿತಳು. ಇಬ್ಬರೂ ಐವತ್ತು ವರ್ಷಗಳನ್ನು ಒಂದೊಂದಾಗಿ ಬಿಚ್ಚಿ ಹಾಸಿದರು. ಅಕ್ಕ ಇರುವ ಕಡೆಯಲ್ಲಿ ಹೂವನ್ನು ಕೊಯ್ಯುವುದಿಲ್ಲವಂತೆ. ಗಿಡದ ಮೇಲೆಯೇ ಅರಳುತ್ತದಂತೆ, ಗಿಡದ ಮೇಲೆಯೇ ಉದುರುತ್ತದಂತೆ.

“ಹಾಗಾದರೆ ಎಷ್ಟು ದಿನ ನಿಲ್ಲುತ್ತದೆ?”

“ಯಾರು ಎಣಿಸುತ್ತಾರೆ?”

ತಂಗಿಗೆ ಈ ಉತ್ತರ ಅರ್ಥವಾಗಲಿಲ್ಲ. ಅವಳು ದಂಟಿನ ತುದಿಯನ್ನು ಬೆರಳಗಲ ಕೊಯ್ದು, ಮರುದಿನದ ಕಿರಿಯ ಹೂದಾನಿಯನ್ನು ತಂದಳು.

ಐದು ಕಳೆಯಿತು, ಆರು ಕಳೆಯಿತು. ಕೆಳಗಿನ ಹೂ ಬಾಡುತ್ತಿದ್ದಂತೆ ಮೇಲಿನ ಮೊಗ್ಗು ಬಿರಿಯುತ್ತಿತ್ತು. ಬಾಡಿದ್ದನ್ನು ಅವಳು ಚಿವುಟಿ ತೆಗೆಯುತ್ತಿದ್ದಳು. ಒಂದು ಹೂವಾದರೂ ಅರಳಿ ನಿಂತಿರುವ ತನಕ ದಂಟು ನಿಂತಂತೆಯೇ ಲೆಕ್ಕ. ಏಳನೆಯ ದಿನದ ಹೊತ್ತಿಗೆ ಕೋಣೆಯಲ್ಲಿ ಸುಗಂಧರಾಜದ್ದಲ್ಲದ ಇನ್ನೊಂದು ವಾಸನೆ ಎದ್ದಿತು. ಸಿಹಿಯಾದ, ಬೆಚ್ಚನೆಯ, ಎಲ್ಲೋ ಒಂದಿಷ್ಟು ಹುಳಿಯನ್ನೂ ಅಡಗಿಸಿಕೊಂಡ ವಾಸನೆ. ಅವಳು ಕಣ್ಣು ಮುಚ್ಚಿದಳು. ಬಹಳ ಹಿಂದೆ, ಯಾರದೋ ಮಡಿಲಲ್ಲಿ ಕುಳಿತು, ಮೊಣಕೈಯವರೆಗೆ ಏನೋ ಅಂಟಂಟಾಗಿ ಇಳಿಯುತ್ತಿದ್ದಾಗ ಇದೇ ವಾಸನೆ ಇತ್ತು. ಆ ಮಡಿಲು ಅಕ್ಕನದು. ಇದು ಅಕ್ಕನ ಮೈಯ ವಾಸನೆ, ಎಂದು ಅವಳು ನಿಶ್ಚಯಿಸಿಕೊಂಡಳು. ಊರಿಗೆ ಮರಳಿದ ಮೇಲೆ ಅಕ್ಕನ ಮೈಗೂ ಹಳೆಯ ಗಂಧ ಮರಳಿತು. ದಿನದಿನಕ್ಕೂ ವಾಸನೆ ಏರಿತು. ದಿನದಿನಕ್ಕೂ ಅವಳು ಕೋಣೆಯಲ್ಲಿ ಇನ್ನಷ್ಟು ಹೊತ್ತು ಕುಳಿತು ಉಸಿರನ್ನು ಆಳಕ್ಕೆ ಎಳೆದುಕೊಂಡಳು.

ಒಂಬತ್ತನೆಯ ದಿನ ಬಾಡಿದ್ದು ಒಂದಲ್ಲ, ಎರಡು ಹೂ. ಹತ್ತನೆಯ ದಿನ ಮೂರು. ಅರಳಬೇಕಾದ ಮೊಗ್ಗುಗಳು ಅರಳದೆಯೇ ಕಂದಿ ಉದುರಿದವು. ಅವಳು ಚೂರಿಯನ್ನು ಮತ್ತೆ ಮಸೆದಳು. ಹೂದಾನಿಯನ್ನು ಬೂದಿಯಿಂದ ಎರಡು ಸಲ ತಿಕ್ಕಿದಳು. ಬಾಗಿಲ ಸಂದಿಗೂ ಬಟ್ಟೆ ತುರುಕಿದಳು. ಗಾಳಿ ಬಾರದಿರಲೆಂದು ತುರುಕಿದ ಆ ಬಟ್ಟೆಯಿಂದಾಗಿ ವಾಸನೆ ಕೋಣೆಯಲ್ಲಿಯೇ ಮಡುಗಟ್ಟಿತು. ಹನ್ನೆರಡನೆಯ ಬೆಳಗ್ಗೆ ದಂಟಿನಲ್ಲಿ ಉಳಿದದ್ದು ಒಂದು ಹೂವು ಮತ್ತು ತುದಿಯ ಅಕ್ಕಿಕಾಳು. ಹೂವಿನ ಎಸಳಿನ ಅಂಚು ಕಂದಲು ತೊಡಗಿತ್ತು.

“ನೀರು ಸರಿಯಾಗಿದೆ, ಕೊಯ್ತ ಸರಿಯಾಗಿದೆ, ಗಾಳಿಯಿಲ್ಲ, ಬಿಸಿಲಿಲ್ಲ. ಮತ್ತೇಕಕ್ಕಾ?” ಎಂದು ಅವಳು ನೆಲದ ಮೇಲೆ ಕುಸಿದಳು. ಕುಸಿದಾಗ ಮುಖ ಮಂಚದ ಕೆಳಗಿನ ಬುಟ್ಟಿಯ ಮಟ್ಟಕ್ಕೆ ಬಂತು. ವಾಸನೆ ಅಲೆಯಂತೆ ಬಂದು ಬಡಿಯಿತು. ಅವಳು ಅಕ್ಕನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಬುಟ್ಟಿಯನ್ನು ಹೊರಕ್ಕೆಳೆದು ಹಳೆಯ ಸೀರೆಯನ್ನು ಸರಿಸಿದಳು. ಒಳಗೆ ಒಣಹುಲ್ಲಿನ ಹಾಸು. ಹುಲ್ಲಿನೊಳಗೆ ಹೊಂಬಣ್ಣಕ್ಕೆ ತಿರುಗಿದ ಆರು ಉಂಡೆಗಳು.

“ಇದೇನಿದು?”

“ಮಾವಿನಹಣ್ಣು. ನಮ್ಮ ಹಿತ್ತಲಿನ ಮರದ್ದು. ಕಡಿದ ದಿನ ಕೊನೆಯ ಹಣ್ಣನ್ನು ನಿನಗೆ ತಿನ್ನಿಸಿ, ವಾಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೋಗಿದ್ದೆನಲ್ಲ. ಅಲ್ಲಿ ಮರವಾಗಿದೆ. ನಾನು ಬರುವಾಗ ಎಲ್ಲ ಕಾಯಿ. ಬಾಗಿಲಿನವನಿಗೆ ನಾನು ಸುಳ್ಳು ಹೇಳಿಲ್ಲ. ಹೋಗುವ ದಿನಕ್ಕೆ ಸರಿಯಾಗಿ ಹಣ್ಣಾಗಲಿ, ನಿನಗೆ ಕೊಟ್ಟು ಹೋಗೋಣ ಎಂದು ಹುಲ್ಲಿನಲ್ಲಿ ಅಡೆ ಹಾಕಿ ತಂದೆ.”

ಹಣ್ಣಿನ ಹತ್ತಿರ ಹೂವನ್ನಿಡಬೇಡ. ಐವತ್ತು ವರ್ಷ ತುಟಿಯಲ್ಲಿ ಆಡಿಸಿದ ವಾಕ್ಯ ಅಂದು ಮೊದಲ ಸಲ ಹೂಗಾಪಿನವಳ ಎದೆಗೆ ತಗಲಿತು.

“ನಿನಗೆ ಗೊತ್ತಿತ್ತು. ಅಮ್ಮ ನಿನಗೂ ಕಲಿಸಿದ್ದಳು.”

“ಗೊತ್ತಿತ್ತು. ಮೆಟ್ಟಿಲ ಮೇಲೆಯೇ ಇದ್ದಿದ್ದರೆ ಹೂವಿಗೆ ಏನೂ ಆಗುತ್ತಿರಲಿಲ್ಲ. ನೀನೇ ತಂದು ಹಣ್ಣಿನ ಪಕ್ಕ ಇಟ್ಟೆ. ಅಂದೇ ಹೇಳಬಹುದಿತ್ತು ನಾನು.”

“ಮತ್ತೇಕೆ ಹೇಳಲಿಲ್ಲ?”

“ಹೂವಿನ ಜೊತೆಗೆ ನೀನೂ ಬಂದು ಎದುರಿಗೆ ಕೂತೆಯಲ್ಲೇ. ಹೇಳಿದ್ದರೆ ಹೂವನ್ನು ಎತ್ತಿಕೊಂಡು ನೀನೂ ಎದ್ದು ಹೋಗುತ್ತಿದ್ದೆ.”

ಹೂಗಾಪಿನವಳಿಗೆ ಸಿಟ್ಟು ನೆತ್ತಿಗೇರಿತು. “ನಿನಗಾಗಿ ಆಣೆ ಮುರಿದೆ ನಾನು! ಉಪ್ಪಿನವನ ಹೂವನ್ನು ಕೊಂದೆ! ಈಗ ಬಂದು ಹೋಗುವ ದಿನದ ಮಾತಾಡುತ್ತೀಯಾ? ಬರುವಾಗಲೇ ಹೋಗುವ ದಿನವನ್ನು ಬುಟ್ಟಿಯಲ್ಲಿ ಹೊತ್ತು ತಂದೆಯಾ?”

“ಮೂರು ದಿನ ಬಾಕಿಯಿದೆ” ಎಂದಳು ಅಕ್ಕ ಮೆಲ್ಲಗೆ. “ಬುಟ್ಟಿಯನ್ನು ಗೋಡೆಯಾಚೆ ಎಸೆ. ಹೂವನ್ನು ಮೆಟ್ಟಿಲಿಗೆ ತೆಗೆದುಕೊಂಡು ಹೋಗು. ನಿನ್ನ ಕೈ ನನಗೆ ಗೊತ್ತು, ಪುಟ್ಟೀ. ಇನ್ನು ಮೂರು ದಿನ ನಿಲ್ಲಿಸಿಯೂ ಬಿಡುತ್ತೀಯೆ. ನಾನು ತಡೆಯುವುದಿಲ್ಲ.”

ಹೂಗಾಪಿನವಳು ಬುಟ್ಟಿಯನ್ನೆತ್ತಿಕೊಂಡು ಅಂಗಳಕ್ಕೆ ಬಂದಳು. ಗೋಡೆಯ ಮುಂದೆ ನಿಂತು ತೋಳುಗಳನ್ನು ಮೇಲೆತ್ತಿದಳು. ಎತ್ತಿದ ತೋಳುಗಳ ನಡುವೆ, ತಲೆಯ ಮೇಲೆ, ಆ ವಾಸನೆ ಮಡಿಲಿನಂತೆ ಬಿಚ್ಚಿಕೊಂಡಿತು. ಹಿಂದೆ ಕೋಣೆಯ ಬಾಗಿಲಿನಲ್ಲಿ ಅಕ್ಕ ನಿಂತಿದ್ದಳು. ತಂಗಿ ತಿರುಗದೆಯೇ ಕೇಳಿದಳು:

“ಅಕ್ಕಾ, ಇರುತ್ತೀಯಾ?”

“ಹನ್ನೆರಡು ದಿನಕ್ಕೆ ಈಗ ಕೇಳಿದೆ ನೋಡು. ಇಷ್ಟು ದಿನವೂ ಹೂವನ್ನು ಕೇಳುತ್ತಿದ್ದೆ, ನನ್ನನ್ನಲ್ಲ.”

“ಇರುತ್ತೀಯಾ?”

“ಇಲ್ಲ ಕಣೇ. ಅಲ್ಲಿ ಮರಕ್ಕೆ ನೀರು ಹಾಕಬೇಕು.”

ಎತ್ತಿದ ತೋಳುಗಳು ನಿಧಾನವಾಗಿ ಇಳಿದವು. ಅವಳು ಬುಟ್ಟಿಯನ್ನು ಕೋಣೆಗೆ ತಂದು, ಹೂದಾನಿಯ ಪಕ್ಕದಲ್ಲಿಯೇ ಇಟ್ಟಳು. ಇಬ್ಬರೂ ನೆಲದ ಮೇಲೆ ಕುಳಿತು ಹಣ್ಣು ತಿಂದರು. ಚೂರಿಯನ್ನು ಮುಟ್ಟಲಿಲ್ಲ, ಹಲ್ಲಿನಿಂದಲೇ ಸಿಪ್ಪೆ ಕಚ್ಚಿ ತೆಗೆದರು. ರಸ ಮೊಣಕೈಯವರೆಗೆ ಇಳಿಯಿತು. “ಮೂಗು ಒರೆಸಿಕೊಳ್ಳೇ, ಹಣ್ಣಿಗೆ ಬೀಳುತ್ತದೆ” ಎಂದಳು ಅಕ್ಕ. ತಂಗಿ ಅತ್ತಳು, ನಕ್ಕಳು, ಮತ್ತೊಂದು ಹಣ್ಣು ಎತ್ತಿಕೊಂಡಳು.

“ಹೂವಿಗೆ ಹಣ್ಣಿನ ಮೇಲೆ ಏನು ಹಗೆಯಕ್ಕಾ?”

“ಹಗೆಯೇಕೆ? ಪಕ್ಕದಲ್ಲಿ ಹಣ್ಣಾಯಿತು ಎಂದು ವಾಸನೆ ಬಂದರೆ, ತನ್ನ ಕೆಲಸ ಮುಗಿಯಿತು ಎಂದು ಹೂವು ತಿಳಿದುಕೊಳ್ಳುತ್ತದೆ, ಅಷ್ಟೆ. ತನಗೆ ಬೇರಿಲ್ಲ, ಆ ಹಣ್ಣು ತನ್ನದಲ್ಲ ಎಂಬುದು ಪಾಪ ಅದಕ್ಕೇನು ಗೊತ್ತು?”

ಇಳಿಹೊತ್ತಿಗೆ ಕೊನೆಯ ಹೂವು ಮುದುಡಿತು. ಹೂಗಾಪಿನವಳು ಅದನ್ನು ಚಿವುಟಿ ತೆಗೆದಳು. ತುದಿಯ ಮೊಗ್ಗು ಮಾತ್ರ ಹಸುರಾಗಿಯೇ ಇತ್ತು. ಅಕ್ಕ ಆ ತುಂಡು ದಂಟನ್ನು ತನ್ನ ಬಿಳಿಯ ಜಡೆಗೆ ಸಿಕ್ಕಿಸಿಕೊಂಡಳು. “ಅರಳಿದರೆ ಹೇಳಿ ಕಳಿಸುತ್ತೇನೆ” ಎಂದಳು.

“ಅರಳುವುದಿಲ್ಲ” ಎಂದಳು ತಂಗಿ.

“ನಿನಗೆ ಯಾವಾಗಲೂ ಕೊನೆಯ ಮಾತು ನಿನ್ನದೇ ಆಗಬೇಕು” ಎಂದು ಗೊಣಗಿಕೊಂಡು ಅಕ್ಕ ಬಾಗಿಲು ದಾಟಿದಳು. ದಾರಿಯ ತಿರುವಿನವರೆಗೆ ಬಿಳಿಯ ತಲೆ ಕಾಣಿಸಿತು; ಆಮೇಲೆ ದಾರಿಯಷ್ಟೇ ಕಾಣಿಸಿತು.

ಹೂಗಾಪಿನವಳು ಹೊಸ್ತಿಲಿನ ಒಳಗಡೆ ಬಹಳ ಹೊತ್ತು ನಿಂತಿದ್ದಳು. ಅವಳ ಮುಷ್ಟಿಯಲ್ಲಿ ಇನ್ನೂ ಒದ್ದೆಯಾಗಿದ್ದ ಒಂದು ವಾಟೆ ಇತ್ತು. ಸೂರ್ಯ ಇಳಿಯುತ್ತಿದ್ದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಹೆಜ್ಜೆ ಹೊರಗಿಟ್ಟಳು.

“ಅಮ್ಮಾ!” ಎಂದು ಬಾಗಿಲು ಕಾಯುವವನು ಕೂಗಿದ. “ಹೊಸ್ತಿಲು ದಾಟಿದಿರಿ!”

“ಕಾಲು ನನ್ನದೇ ಅಲ್ಲವೇನಪ್ಪ, ಗೊತ್ತಾಯಿತು.”

ಬಾಗಿಲಿನಿಂದ ಎರಡು ಮಾರು ದೂರದಲ್ಲಿ ಅವಳು ನೆಲವನ್ನು ಬೆರಳಿನಿಂದಲೇ ತೋಡಿದಳು. ಕೊಯ್ಯುವುದನ್ನಷ್ಟೇ ಬಲ್ಲ ಬೆರಳುಗಳಿಗೆ ನೆಡುವುದು ತಿಳಿಯದೆ, ಮೊದಲು ಆಳ ಹೆಚ್ಚಾಯಿತು, ಆಮೇಲೆ ಕಡಮೆಯಾಯಿತು. ಕೊನೆಗೆ ಹೇಗೋ ವಾಟೆಯನ್ನಿಟ್ಟು ಮಣ್ಣು ಮುಚ್ಚಿ, ಕೈ ಕೊಡವಿಕೊಂಡು ಬಾಗಿಲಿಗೆ ಬಂದಳು. ಬಾಗಿಲು ಕಾಯುವವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಿದ್ದಾಗ ಮಾಡುವುದನ್ನೇ ಮಾಡಿದ.

“ಕಿಚ್ಚು ಇದೆಯೇ? ಕತ್ತಿ ಇದೆಯೇ? ಹಣ್ಣು ಇದೆಯೇ?”

“ಇಲ್ಲ. ಇಲ್ಲ. ಇನ್ನೂ ಇಲ್ಲ.”

“ಹೂವು ಆರಿಸಿ, ಅಮ್ಮಾ. ನೀವೀಗ ಅತಿಥಿ.”

ಅವಳು ತೋಟದ ಕಡೆ ನೋಡಲಿಲ್ಲ. ತಿರುಗಿ, ಹಸಿಮಣ್ಣಿನ ಆ ಗುಡ್ಡೆಯನ್ನು ತೋರಿಸಿದಳು. “ಅದರ ಹೂವು.”

“ಅಲ್ಲಿ ಹೂವೆಲ್ಲಿದೆ? ಮಣ್ಣಷ್ಟೇ ಇದೆ.”

“ಬರುತ್ತದೆ. ಬಂದ ಮೇಲೆ ಎಣಿಸು.”

ಬಾಗಿಲು ಕಾಯುವವನು ತಲೆ ಕೆರೆದುಕೊಂಡ. ಹೂವು ಬಾಡಿದರೆ ಹೋಗಬೇಕೆಂದು ಕಟ್ಟಳೆ ಹೇಳುತ್ತಿತ್ತು. ಬಾರದ ಹೂವಿನ ವಿಷಯವಾಗಿ ಏನನ್ನೂ ಹೇಳುತ್ತಿರಲಿಲ್ಲ. ಅವನು ಬದಿಗೆ ಸರಿದು ನಿಂತ.

ಹೂಗಾಪಿನವಳು ಮಂಟಪಕ್ಕೆ ಹೋಗಿ ಮೊದಲು ಉಪ್ಪಿನವನ ಹೂದಾನಿಯನ್ನು ತಿಕ್ಕಿ ತೊಳೆದಳು. ಆಮೇಲೆ ಎಲ್ಲ ಮೆಟ್ಟಿಲುಗಳ ಎಲ್ಲ ಹೂಗಳಿಗೂ ಒಂದೊಂದು ಬೊಗಸೆ ನೀರೆರೆದಳು, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಮೆಯಿಲ್ಲ. ಕೊನೆಗೆ ಹದಿನೈದನೆಯ ಮೆಟ್ಟಿಲಿಗಿಳಿದು, ಮುಷ್ಟಿಯಷ್ಟಿದ್ದ ಆ ಹೂದಾನಿಯ ಧೂಳನ್ನು ಸೆರಗಿನಿಂದ ಒರೆಸಿ ಅದಕ್ಕೂ ನೀರು ತುಂಬಿದಳು. ಅದರಲ್ಲಿ ಹೂವಿರಲಿಲ್ಲ.

ಅಂದಿನಿಂದ ದಿನವೂ ಬೆಳಗ್ಗೆ, ಹೂಗಳ ಕೆಲಸ ಮುಗಿದ ಮೇಲೆ, ಅವಳು ಆ ಹೂದಾನಿಯ ನೀರನ್ನು ಬದಲಿಸುವಳು. ಹಳೆಯ ನೀರನ್ನು ಚೆಲ್ಲದೆ ಹೊಸ್ತಿಲಿನಾಚೆ ಕೊಂಡೊಯ್ದು ಮಣ್ಣಿಗೆ ಹೊಯ್ಯುವಳು. ದಿನವೂ ಊರು ಬಿಟ್ಟವಳಾಗುವಳು, ದಿನವೂ ಅತಿಥಿಯಾಗಿ ಮರಳುವಳು. ಮಣ್ಣು ಬಿರಿದು ತಾಮ್ರದ ಬಣ್ಣದ ಎರಡು ಎಲೆಗಳು ತಲೆಯೆತ್ತಿದ ದಿನವೂ ಬಾಗಿಲು ಕಾಯುವವನು ಅದೇ ಮೂರು ಪ್ರಶ್ನೆಗಳನ್ನು ಕೇಳಿದ. ಕಿಚ್ಚು ಇಲ್ಲ, ಕತ್ತಿ ಇಲ್ಲ ಎಂದು ಹೇಳಿ ಅವಳು ಹಿಂತಿರುಗಿ ಆ ಎಲೆಗಳನ್ನು ನೋಡಿದಳು.

“ಇನ್ನೂ ಇಲ್ಲ” ಎಂದು ಹೇಳಿ ಒಳಗೆ ಬಂದಳು.